ಕ್ಯೂ ತುದಿಯ ನೀಲಿ ಪುಡಿ

ಆಫೀಸಿನ ರಿಕ್ರಿಯೇಷನ್ ರೂಮ್ ಇರಲಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಪಾರ್ಲರ್ ಇರಲಿ, ಪೂಲ್ ಟೇಬಲ್ ಸುತ್ತ ತಪ್ಪದೆ ಕೇಳಿಬರುವ ಮಾತೊಂದಿದೆ: "ಈ ಟೇಬಲ್ಲೇ ಸರಿ ಇಲ್ಲ ಮಾರಾಯ!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೇಬಲ್ ನಿಜವಾಗಿಯೂ ಡೊಂಕಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ನೆಲ ನೋಡುವ ಮೊದಲು ಕೈಯಲ್ಲಿರುವ ಕೋಲಿನ ತುದಿಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಅಲ್ಲಿ ಹಚ್ಚುವ ನೀಲಿ ಚಾಕ್ ಹೆಸರಿಗೆ ಮಾತ್ರ ಚಾಕ್. ಶಾಲೆಯ ಸೀಮೆಸುಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಬಿಲಿಯರ್ಡ್ಸ್ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನ ತಜ್ಞ ವಿಲಿಯಂ ಹಾಸ್ಕಿನ್ಸ್ 1897ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸಿಲಿಕಾ ಮತ್ತು ಉಜ್ಜುವ ಗುಣದ ಗಟ್ಟಿ ಖನಿಜದ ಪುಡಿ ಸೇರಿಸಿ ಮಾಡಿದ್ದು ಅದು. ಇದರ ಕೆಲಸ ಕೇರಂ ಪೌಡರ್‌ಗೆ ತದ್ವಿರುದ್ಧ. ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಜಾರಲಿ ಎಂದು ಪೌಡರ್ ಹಾಕುತ್ತೇವೆ. ಇಲ್ಲಿ ಕ್ಯೂ ತುದಿಯ ತೊಗಲು ಚೆಂಡಿನ ಮೇಲೆ ಜಾರದಿರಲಿ ಎಂದು ಚಾಕ್ ಹಚ್ಚುತ್ತೇವೆ.

ತುದಿ ಚೆಂಡಿಗೆ ತಗುಲಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಹೊತ್ತು ಮಾತ್ರ. ಅಷ್ಟರಲ್ಲೇ ಹಿಡಿತ ಸಿಗಬೇಕು. ಬಿಳಿ ಚೆಂಡಿನ ನಟ್ಟನಡುವೆ ಹೊಡೆದರೆ ಚಾಕ್ ಕಡಿಮೆಯಿದ್ದರೂ ನಡೆದೀತು. ಸ್ಪಿನ್ ಬೇಕೆಂದರೆ ನಡು ಬಿಟ್ಟು ಪಕ್ಕಕ್ಕೋ ಕೆಳಕ್ಕೋ ಹೊಡೆಯಬೇಕು. ಪೂಲ್ ಚೆಂಡಿನ ಅಡ್ಡಳತೆ ಸುಮಾರು 57 ಮಿ.ಮೀ. ಚಾಕ್ ಸರಿಯಾಗಿದ್ದರೂ ನಡುವಿನಿಂದ 14 ಮಿ.ಮೀ. ಆಸುಪಾಸಿನವರೆಗೆ ಮಾತ್ರ ಹಿಡಿತ. ಅದನ್ನು ದಾಟಿದರೆ ಟಕ್ ಎಂದು ಜಾರಿ ಮಿಸ್‌ಕ್ಯೂ. ಚಾಕ್ ಇಲ್ಲದಿದ್ದರೆ ಅದಕ್ಕೂ ಬಹಳ ಮೊದಲೇ ಜಾರುತ್ತದೆ.

ಇಷ್ಟು ಗೊತ್ತಾದ ಮೇಲೆ ನಮ್ಮ ಅಭ್ಯಾಸಗಳನ್ನು ನೋಡಿ. ಹಲವರು ಮಿಸ್‌ಕ್ಯೂ ಆದಮೇಲೆ ಚಾಕ್ ಹುಡುಕುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ! ಇನ್ನು ಕೆಲವರು ಚಾಕಿನ ಮೇಲೆ ಕ್ಯೂ ಇಟ್ಟು ಗಿರ್ರನೆ ತಿರುಗಿಸುತ್ತಾರೆ. ದಿನ ಕಳೆದಂತೆ ಚಾಕಿನ ನಡುವೆ ಆಳವಾದ ಕುಳಿ. ಆ ಕುಳಿಯ ಅಂಚು ತೊಗಲಿನ ಕೆಳಗಿನ ಬಿಳಿ ಬಳೆಗೆ ಉಜ್ಜುತ್ತದೆ, ತೊಗಲಿಗೆ ಮಾತ್ರ ಎಲ್ಲ ಕಡೆ ಸಮನಾಗಿ ಹತ್ತುವುದಿಲ್ಲ. ಗೋಡೆಗೆ ಬಣ್ಣ ಬಳಿದಂತೆ ಹಗುರವಾಗಿ ಸವರಿ. ಕ್ಯೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಅಂಚಿಗೂ ತಾಕಿಸಿ, ಕೊನೆಗೊಮ್ಮೆ ಕಣ್ಣಾರೆ ನೋಡಿ. ತುದಿ ಸವೆದು ಕನ್ನಡಿಯಂತೆ ಹೊಳೆಯುತ್ತಿದ್ದರೆ ಎಷ್ಟು ಹಚ್ಚಿದರೂ ಚಾಕ್ ನಿಲ್ಲದು. ಪಾರ್ಲರಿನವರಿಗೆ ಹೇಳಿ ತುದಿಯನ್ನು ಸ್ವಲ್ಪ ಒರಟು ಮಾಡಿಸಿಕೊಳ್ಳಿ, ಇಲ್ಲವೇ ಬೇರೆ ಕ್ಯೂ ತೆಗೆದುಕೊಳ್ಳಿ.

ಹಾಗಂತ ಮೆತ್ತುವುದೂ ತಪ್ಪೇ. ಪ್ರತಿ ಹೊಡೆತಕ್ಕೂ ಒಂದಿಷ್ಟು ಚಾಕ್ ಬಿಳಿ ಚೆಂಡಿಗೆ ಅಂಟುತ್ತದೆ. ಆ ಗುರುತು ಎರಡು ಚೆಂಡುಗಳು ತಾಗುವ ಜಾಗಕ್ಕೇ ಬಂದರೆ, ನುಣ್ಣಗೆ ಜಾರಬೇಕಾದ ಚೆಂಡುಗಳು ಕ್ಷಣಮಾತ್ರ ಕಚ್ಚಿಕೊಳ್ಳುತ್ತವೆ. ಪೂಲ್‌ನವರು ಇದನ್ನು ಕ್ಲಿಂಗ್ ಅಥವಾ ಸ್ಕಿಡ್ ಎನ್ನುತ್ತಾರೆ, ಸ್ನೂಕರ್‌ನವರು ಕಿಕ್ ಎನ್ನುತ್ತಾರೆ. ಆಗ ಕಟ್ ಶಾಟ್‌ನಲ್ಲಿ ಚೆಂಡು ನೀವು ಎಣಿಸಿದಷ್ಟು ಓರೆಯಾಗಿ ಹೋಗುವುದಿಲ್ಲ. ಗುರಿ ಸರಿಯಿದ್ದೂ ಪಾಕೆಟ್ ಅಂಚಿಗೆ ಬಡಿದು ನಿಲ್ಲುತ್ತದೆ. ಪಾಪ, ಆಡಿದವರು ಎಲ್ಲಿ ತಪ್ಪಿದೆವೆಂದು ತಿಳಿಯದೆ, ಮುಂದಿನ ಸಲ ಸರಿಯಿದ್ದ ಗುರಿಯನ್ನೇ ಬದಲಿಸಿಕೊಂಡು ಕೆಡಿಸಿಕೊಳ್ಳುತ್ತಾರೆ. ನಿಜವಾದ ನಷ್ಟ ಇದೇ. ಒಂದು ಪಾಯಿಂಟ್ ಹೋದರೆ ಹೋಯಿತು, ಕೈ ತಪ್ಪು ಪಾಠ ಕಲಿಯಬಾರದು.

ಸ್ನೂಕರ್ ಪಂದ್ಯಗಳಲ್ಲಿ ಆಟಗಾರರು ಕೇಳಿದಾಗ ರೆಫರಿ ಬಿಳಿ ಚೆಂಡನ್ನು ಒರೆಸಿಕೊಡುವುದನ್ನು ನೋಡಿರುತ್ತೀರಿ. ನಮ್ಮ ಪಾರ್ಲರುಗಳಲ್ಲಿ ರೆಫರಿ ಎಲ್ಲಿಂದ ಬರಬೇಕು? ಒಂದು ಗೇಮ್ ಮುಗಿದು ಚೆಂಡು ಜೋಡಿಸುವಾಗ ಒಣ ಬಟ್ಟೆಯಿಂದ ಎಲ್ಲವನ್ನೂ ಒರೆಸಿದರೆ ಸಾಕು. ಹಾಗೆಯೇ ಚಾಕನ್ನು ಟೇಬಲ್ ಅಂಚಿನ ಮೇಲೆ ಬೋರಲಾಗಿ ಇಡಬೇಡಿ. ಅದರ ಪುಡಿ ಮರಕ್ಕೆ, ನಿಮ್ಮ ಕೈಗೆ, ಕೊನೆಗೆ ಟೇಬಲ್ಲಿನ ಬಟ್ಟೆಗೆ ತಲುಪುತ್ತದೆ. ಬಟ್ಟೆಯಿಂದ ಮತ್ತೆ ಚೆಂಡಿಗೆ. ಟೇಬಲ್ ಮೇಲೆ ಬಾಗಿ ಚಾಕ್ ಹಚ್ಚುವುದೂ ಬೇಡ, ಒಂದು ಹೆಜ್ಜೆ ಹಿಂದೆ ಸರಿದು ಹಚ್ಚಿ.

ಪುಣೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಆಟ ಕಲಿತ ಪಂಕಜ್ ಅಡ್ವಾಣಿಯವರ ಪಂದ್ಯವನ್ನು ನಮ್ಮಲ್ಲಿ ಅನೇಕರು ನೋಡಿರುತ್ತೇವೆ. ಮುಂದಿನ ಸಲ ಯಾವುದೇ ದೊಡ್ಡ ಆಟಗಾರರ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಅವರ ಕೈ ನೋಡಿ. ಕೈ ಚಾಕ್ ಹಚ್ಚುತ್ತಿದ್ದರೆ ಕಣ್ಣು ಮುಂದಿನ ಮೂರು ಶಾಟ್ ಲೆಕ್ಕ ಹಾಕುತ್ತಿರುತ್ತದೆ. ನಿಂತು ಯೋಚಿಸಲು ಆ ನಾಲ್ಕೈದು ಸೆಕೆಂಡು ಸಾಕು. ಹಚ್ಚಿ ಮುಗಿಯುವಷ್ಟರಲ್ಲಿ ಯಾವ ಶಾಟ್ ಎಂದು ನಿರ್ಧಾರವಾಗಿರಬೇಕು, ಆಮೇಲೆ ಬಾಗಬೇಕು. ಚಾಕ್ ಬೆಲೆ ಕೆಲವೇ ರೂಪಾಯಿ, ಅದನ್ನು ಹಚ್ಚುವ ಶಿಸ್ತಿಗೆ ಅದೂ ಬೇಡ.