ಜಾಲತಾಣದ ಹೆಸರಿನ ಬಾಲದಲ್ಲಿ ಒಂದು ದೇಶ

ಅಂಗಡಿಗೆ, ಶಾಲೆಗೆ, ಸಂಘಕ್ಕೆ ಜಾಲತಾಣ ಮಾಡಿಸಲು ಹೊರಟವರಿಗೆ ಮೊದಲ ತೊಡಕು ಹೆಸರಿನದು. ಡಾಟ್ ಕಾಮ್‌ನಲ್ಲಿ ಚಿಕ್ಕ, ಚೊಕ್ಕ ಹೆಸರುಗಳನ್ನು ಯಾರಾದರೂ ಆಗಲೇ ಪಡೆದಿರುತ್ತಾರೆ. ಆಗ ಕೆಲವರು ಮಾಡುವ ಉಪಾಯ: ಪದದ ಕೊನೆಯ ಎರಡು ಇಂಗ್ಲಿಷ್ ಅಕ್ಷರಗಳನ್ನೇ ಒಂದು ದೇಶದ ಸಂಕೇತವಾಗಿ ಬಳಸಿಕೊಳ್ಳುವುದು. ಇದಕ್ಕೆ ‘ಡೊಮೈನ್ ಹ್ಯಾಕ್’ ಎನ್ನುತ್ತಾರೆ. ಹೆಸರು ಹಾಗಿದ್ದರೂ ಇದರಲ್ಲಿ ಕಳ್ಳತನವೇನೂ ಇಲ್ಲ.

ಪ್ರತಿ ದೇಶಕ್ಕೂ ಎರಡಕ್ಷರದ ಸಂಕೇತವಿದೆ. ಭಾರತಕ್ಕೆ ಐ-ಎನ್, ಬೆಲ್ಜಿಯಂಗೆ ಬಿ-ಇ, ಲಿಬಿಯಾಕ್ಕೆ ಎಲ್-ವೈ. ವಾಟ್ಸಾಪ್‌ನಲ್ಲಿ ಬರುವ ಯೂಟ್ಯೂಬ್‌ನ ಚಿಕ್ಕ ಲಿಂಕ್ ಗಮನಿಸಿ: ಕೊನೆಯ ಬಿ-ಇ ಅಕ್ಷರಗಳ ಮೊದಲು ಚುಕ್ಕೆಯಿದೆ. ಅದು ಬೆಲ್ಜಿಯಂ ಸಂಕೇತ. ‘ಜೈನ್’ ಪದವನ್ನು ಇಂಗ್ಲಿಷಿನಲ್ಲಿ ಬರೆದರೆ ಕೊನೆಗೆ ಸಿಗುವುದು ಐ-ಎನ್, ಅಂದರೆ ಭಾರತವೇ.

ಇಂಥ ಅಕ್ಷರಗಳು ಕೆಲವು ಪುಟ್ಟ ನಾಡುಗಳಿಗೆ ದೊಡ್ಡ ಆದಾಯ. ಪೆಸಿಫಿಕ್ ಸಾಗರದ ತುವಾಲು ದೇಶದ ಸಂಕೇತ ಟಿ-ವಿ. ಅದನ್ನು ಬಳಸುವ ಹಕ್ಕಿನಿಂದ ಬಂದ ಹಣದ ನೆರವಿನಿಂದ ಅದು 2000ರಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಕೆರಿಬಿಯನ್ ದ್ವೀಪ ಆಂಗ್ವಿಲಾದ ಸಂಕೇತ ಎ-ಐ. ಕೃತಕ ಬುದ್ಧಿಮತ್ತೆಯ ಅಬ್ಬರದಿಂದ 2023ರಲ್ಲಿ ಅದಕ್ಕೆ ಸುಮಾರು 3.2 ಕೋಟಿ ಡಾಲರ್ ಬಂತು.

ಆದರೆ ಬಾಲ ಯಾವ ದೇಶದ್ದೋ ಕಾನೂನೂ ಅಲ್ಲಿಯದೇ. 2010ರಲ್ಲಿ ‘ವಿಬಿ ಡಾಟ್ ಎಲ್‌ವೈ’ ಎಂಬ ವಿಳಾಸವನ್ನು, ಅದರ ವಿಷಯ ತಮ್ಮ ಕಾನೂನಿಗೆ ಒಪ್ಪುವುದಿಲ್ಲವೆಂದು ಲಿಬಿಯಾದ ನೋಂದಣಿದಾರರು ಕಿತ್ತುಕೊಂಡರು. ಅದನ್ನು ನಡೆಸುತ್ತಿದ್ದವರು ಅಮೆರಿಕದಲ್ಲಿದ್ದರು. ದೇಶವೇ ಇಲ್ಲವಾದರೆ ಬಾಲವೂ ಹೋಗಬಹುದು: ಯುಗೊಸ್ಲಾವಿಯಾದ ವೈ-ಯು ಅದೇ 2010ರಲ್ಲಿ ಕೊನೆಗೊಂಡಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, ಅರ್ಹತೆ ಕಳೆದುಕೊಂಡ ಅಲ್ಲಿನವರ ಇ-ಯು ವಿಳಾಸಗಳು 2021ರ ಜನವರಿಯಲ್ಲಿ ಅಮಾನತಾದವು.

ಡೊಮೈನ್ ಹೆಸರು ಕೊಂಡ ಸೈಟಿನಂತಲ್ಲ, ವರ್ಷದ ಲೆಕ್ಕದ ಬಾಡಿಗೆ ಮನೆಯಂತೆ. ವಿಳಾಸ ಕೈತಪ್ಪಿದರೆ ಅದರೊಂದಿಗಿನ ಇಮೇಲ್, ಕಾರ್ಡಿನಲ್ಲಿ ಅಚ್ಚಾದ ಹೆಸರು, ದೇಣಿಗೆ ಪುಟ ಎಲ್ಲವೂ ಹೋಗುತ್ತವೆ. ಅದೇ ಹೆಸರನ್ನು ಬೇರೆಯವರು ಪಡೆದು ಹಣ ಕೇಳುವ ಅಪಾಯವೂ ಇದೆ. ಆದ್ದರಿಂದ ಹೆಸರು ಹುಡುಕುವಾಗ ಇಷ್ಟು ನೋಡಿಕೊಳ್ಳಿ:

• ಆ ಸಂಕೇತ ಯಾವ ದೇಶದ್ದು? ಹೊರಗಿನವರಿಗೆ ಕೊಡುತ್ತಾರೆಯೇ?

• ಮೊದಲ ವರ್ಷದ ರಿಯಾಯಿತಿ ದರವನ್ನಷ್ಟೇ ನೋಡದೆ ನವೀಕರಣದ ದರವನ್ನೂ ಕೇಳಿ.

• ಸಂಸ್ಥೆಯ ವಿಳಾಸ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಲಿ. ಜಾಲತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ.

• ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಹೇಳಿ ನೋಡಿ. ಚುಕ್ಕೆ ಎಲ್ಲಿ ಎಂದು ಎರಡು ಸಲ ಕೇಳಿದರೆ ಆ ಹೆಸರು ಬಿಡಿ. ‘ಡೆಲಿಷಿಯಸ್’ ಎಂಬ ಹೆಸರಾಂತ ತಾಣವೇ 2008ರಲ್ಲಿ ನಡುವಿನ ಚುಕ್ಕೆಗಳನ್ನು ಬಿಟ್ಟು ಡಾಟ್ ಕಾಮ್‌ಗೆ ಬಂತು.

ಚಮತ್ಕಾರದ ಹೆಸರು ಬೇಕೆನಿಸಿದರೆ ಚಿಕ್ಕ ಲಿಂಕಿಗೆ ಇಟ್ಟುಕೊಳ್ಳಿ. ಮುಖ್ಯ ವಿಳಾಸ ಡಾಟ್ ಇನ್‌ನಲ್ಲಿರಲಿ, ಅದರ ನಿಯಮ ನಮ್ಮ ದೇಶದ್ದೇ. ಕನ್ನಡ ಅಕ್ಷರಗಳಲ್ಲೇ ಬರೆಯುವ ‘ಡಾಟ್ ಭಾರತ’ ಕೂಡ ಇದೆ.