ನೈಲಾನ್ ಹಲ್ಲುಸೆಟ್ಟು: ಮೆತ್ತಗಿದೆ ಎಂದು ಮರೆಯಬೇಡಿ

ವುಝೂ ವೇಳೆ ಬಾಯಿ ಮುಕ್ಕಳಿಸಲು ತೆಗೆದ ಹಲ್ಲುಸೆಟ್ಟು ಕೈಜಾರಿ ಬಿದ್ದು ಎರಡು ತುಂಡಾದದ್ದು ನಿಮ್ಮ ಮನೆಯಲ್ಲೂ ನಡೆದಿರಬಹುದು. ಗಟ್ಟಿ ಅಕ್ರಿಲಿಕ್‌ನ ಹಣೆಬರಹವೇ ಅದು. ಬಾಗುವ ನೈಲಾನ್ ಸೆಟ್ಟು ಹಾಗೆ ಸುಲಭವಾಗಿ ಮುರಿಯದು. ಹಗುರ, ತಂತಿಯ ಕೊಕ್ಕೆಯೂ ಕಾಣದು. ಅಕ್ರಿಲಿಕ್ ಅಲರ್ಜಿ ಇರುವವರಿಗೂ ಅನುಕೂಲ.

ಆದರೆ ಭದ್ರಾವತಿಯಿಂದ ಶಿವಮೊಗ್ಗದ ನನ್ನ ದವಾಖಾನೆಗೆ ಬಂದ ಹಿರಿಯರೊಬ್ಬರು ಬಾಯಿಯುರಿಗೆ ಔಷಧಿ ಕೇಳಿದರು. ಸೆಟ್ಟು ತೆಗೆಸಿ ನೋಡಿದರೆ ಅದರಡಿಯ ವಸಡೆಲ್ಲ ಕೆಂಪು. "ಹಾಕಿದ್ದೇ ಗೊತ್ತಾಗಲ್ಲ ಹಕೀಮರೇ" ಎಂದು ರಾತ್ರಿಯೂ ತೆಗೆಯುತ್ತಿರಲಿಲ್ಲವಂತೆ. ಶಿಲೀಂಧ್ರ ಬೆಳೆಯಲು ಇನ್ನೇನು ಬೇಕು? ಸೆಟ್ಟು ಶುದ್ಧವಾಗದೆ ನಮ್ಮ ಯಾವ ಗರಾರವೂ ನಾಟದು. ದಂತವೈದ್ಯರ ಬಳಿಗೇ ಕಳಿಸಿದೆ.

ಮಲಗುವಾಗ ತೆಗೆಯಿರಿ. ಮೃದು ಬ್ರಷ್, ಸ್ವಲ್ಪ ಸೋಪುನೀರಿನಿಂದ ತೊಳೆದು ತಣ್ಣೀರಿನಲ್ಲಿಡಿ. ಬಿಸಿನೀರು, ಬ್ಲೀಚಿಂಗ್ ಬೇಡ. ಯುನಾನಿಯವನಾಗಿಯೂ ಹೇಳುತ್ತೇನೆ, ಸನೂನ್ ಹಲ್ಲುಪುಡಿ ಹಾಕಿ ಉಜ್ಜಬೇಡಿ; ಗೀರು ಬಿದ್ದಲ್ಲಿ ಕೊಳೆ ಕೂರುತ್ತದೆ.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ. ನೈಲಾನಿಗೆ ಹೊಸ ಹಲ್ಲು ಸೇರಿಸುವುದು, ಸಡಿಲವಾದಾಗ ಒಳಪದರ ಹಾಕುವುದು ಅಕ್ರಿಲಿಕ್‌ನಷ್ಟು ಸುಲಭವಲ್ಲ. ಶಿವಮೊಗ್ಗದಲ್ಲಿ ಶರಾವತಿ ದಂತ ಕಾಲೇಜಿದೆ, ಎರಡೂ ಊರುಗಳಲ್ಲಿ ದಂತವೈದ್ಯರಿದ್ದಾರೆ. ಹಣ ಕಟ್ಟುವ ಮೊದಲು ಕೇಳಿ: "ಉಳಿದ ನನ್ನ ಹಲ್ಲುಗಳು ಎಷ್ಟು ದಿನ ನಿಲ್ಲುತ್ತವೆ?"