ಅಪಘಾತದ ಜಾಗದಲ್ಲಿ ಎರಡನೇ ಅಪಘಾತ

2023ರ ಜುಲೈ 20, ನಡುರಾತ್ರಿ ಕಳೆದಿತ್ತು. ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯ ಮೇಲೆ ವಾಹನವೊಂದು ಡಂಪರ್‌ಗೆ ಗುದ್ದಿತು. ನೋಡಲು ಜನ ಸೇರಿದರು, ಪೊಲೀಸರೂ ಬಂದರು. ಅಷ್ಟರಲ್ಲಿ ಗಂಟೆಗೆ 140 ಕಿ.ಮೀ. ಮೀರಿದ ವೇಗದಲ್ಲಿ ಬಂದ ಕಾರೊಂದು ಆ ಗುಂಪಿನೊಳಗೆ ನುಗ್ಗಿತು. ಸತ್ತ 9 ಜನರಲ್ಲಿ ಒಬ್ಬ ಕಾನ್‌ಸ್ಟೇಬಲ್, ಒಬ್ಬ ಗೃಹರಕ್ಷಕ ಸಿಬ್ಬಂದಿಯೂ ಇದ್ದರು.

ಅಂಥ ವೇಗಕ್ಕೆ ಕ್ಷಮೆಯಿಲ್ಲ. ಆದರೆ ಮಿತಿಯೊಳಗೆ, ಎಚ್ಚರದಿಂದ ಗಾಡಿ ಓಡಿಸುವವರೂ ನಿಂತ ವಾಹನಕ್ಕೆ ಗುದ್ದುವುದುಂಟು. ಅದಕ್ಕೆ ನಮ್ಮ ಕಣ್ಣಿನ ಒಂದು ಮಿತಿಯೂ ಕಾರಣ. ಮುಂದಿರುವ ಲಾರಿ ಓಡುತ್ತಿದೆಯೋ ನಿಂತಿದೆಯೋ ಎಂದು ನಾವು ತಿಳಿಯುವುದು, ಅದರ ಬಿಂಬ ಕಣ್ಣಲ್ಲಿ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನಿಂತ ಲಾರಿ 300 ಮೀಟರ್ ಆಚೆ ಇದ್ದಾಗ ಒಂದು ಸೆಕೆಂಡಿನಲ್ಲಿ ಅದರ ಬಿಂಬ ಹಿಗ್ಗುವುದು ಹತ್ತರಲ್ಲೊಂದು ಪಾಲು ಮಾತ್ರ. ಇರುಳಲ್ಲಿ ಅದು ಗಮನಕ್ಕೇ ಬರುವುದಿಲ್ಲ. 56 ಮೀಟರ್ ಹತ್ತಿರಕ್ಕೆ ಬಂದಾಗ ಅದೇ ಬಿಂಬ ಒಂದೇ ಸೆಕೆಂಡಿನಲ್ಲಿ ಇಮ್ಮಡಿಯಾಗುತ್ತದೆ. ಆಗ ಎಂಥವರಿಗೂ ಗೊತ್ತಾಗುತ್ತದೆ, ಆದರೆ ಹೊತ್ತು ಮೀರಿರುತ್ತದೆ. ನೋಡಿ, ಅರಿತು, ಬ್ರೇಕಿಗೆ ಕಾಲಿಡಲು 2.5 ಸೆಕೆಂಡ್ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ ಹಿಡಿಯುತ್ತದೆ. ಅಷ್ಟರಲ್ಲೇ 70 ಮೀಟರ್ ಕಳೆದಿರುತ್ತದೆ. 100 ಕಿ.ಮೀ. ವೇಗದ ಗಾಡಿ ಪೂರ್ತಿ ನಿಲ್ಲಲು ಅದರ ಮಾನದಂಡ ಕೊಡುವ ದೂರ 180 ಮೀಟರ್. ಅದೇ ಲೆಕ್ಕದಲ್ಲಿ 140ರ ವೇಗಕ್ಕೆ 300 ಮೀಟರ್ ದಾಟುತ್ತದೆ.

ನೆರವಿಗೆ ಓಡುವವರ ತರಬೇತಿ ಈ ಅಂಕಿಗಳಿಂದಲೇ ಹುಟ್ಟಬೇಕು. ಅಮೆರಿಕದಲ್ಲಿ ಅದು ಹಾಗೆ ರೂಪುಗೊಂಡಿದೆ. ತುರ್ತು ವಾಹನ ನಿಂತಿರುವ ಕಡೆ ಪಕ್ಕದ ಲೇನಿಗೆ ಸರಿಯಬೇಕೆಂಬ ಕಾಯ್ದೆಯನ್ನು ಸೌತ್ ಕ್ಯಾರೊಲಿನಾ 1996ರಲ್ಲಿ ತಂದಿತು; 2012ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಅಂಥ ಕಾಯ್ದೆ ಬಂತು. ಅದೇ ವರ್ಷ ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತ ಶುರು ಮಾಡಿದ ತರಬೇತಿಯನ್ನು ಈಗಾಗಲೇ 5 ಲಕ್ಷಕ್ಕೂ ಹೆಚ್ಚು ಜನ ಪಡೆದಿದ್ದಾರೆ. ಪೊಲೀಸರು, ಅಗ್ನಿಶಾಮಕರು, ಆಂಬುಲೆನ್ಸ್‌ನವರು, ಕೆಟ್ಟ ಗಾಡಿ ಎಳೆದೊಯ್ಯುವವರು ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ. ನನಗೆ ಅದರ ಅತ್ಯಂತ ಬೆಲೆಯುಳ್ಳ ಭಾಗ ಇದೇ ಅನ್ನಿಸುತ್ತದೆ, ಏಕೆಂದರೆ ರಸ್ತೆಯ ಮೇಲೆ ಅವರೆಲ್ಲ ಒಟ್ಟಿಗೇ ಇರುತ್ತಾರೆ.

ಮೊದಲ ಪಾಠ, ಗಾಡಿ ನಿಲ್ಲಿಸುವುದು. ಗಾಯಾಳು ಬಿದ್ದ ಜಾಗಕ್ಕಿಂತ ಹಿಂದೆ, ವಾಹನಗಳು ಬರುವ ದಿಕ್ಕಿನಲ್ಲಿ, ದೊಡ್ಡ ಗಾಡಿಯನ್ನು ಓರೆಯಾಗಿ ನಿಲ್ಲಿಸಬೇಕು. ಗುದ್ದು ತಿಂದರೂ ಅದು ಕೆಲಸ ಮಾಡುವವರತ್ತ ಉರುಳದಂತೆ ಮುಂದಿನ ಚಕ್ರಗಳನ್ನು ಹೊರಕ್ಕೆ ತಿರುಗಿಸಿರಬೇಕು. ದೊಡ್ಡ ಗಾಡಿಯೇ ಏಕೆಂಬುದಕ್ಕೆ ಸಂವೇಗದ ನಿಯಮ ಉತ್ತರ ಕೊಡುತ್ತದೆ. 100 ಕಿ.ಮೀ. ವೇಗದ ಒಂದೂವರೆ ಟನ್ ಕಾರು 15 ಟನ್ ಅಗ್ನಿಶಾಮಕ ವಾಹನಕ್ಕೆ ಗುದ್ದಿ ಅಂಟಿಕೊಂಡರೆ, ಎರಡೂ ಸೇರಿ ಚಲಿಸುವ ವೇಗ ಸುಮಾರು 9 ಕಿ.ಮೀ. ಅದೇ ಒಂದೂವರೆ ಟನ್ ಜೀಪಿಗೆ ಗುದ್ದಿದರೆ 50 ಕಿ.ಮೀ. ಅಂದರೆ ರಕ್ಷಣೆಗೆಂದು ನಿಲ್ಲಿಸಿದ ಜೀಪೇ ಅದರ ಮುಂದಿದ್ದವರ ಮೇಲೆ ಹರಿಯುತ್ತದೆ. ಬ್ರೇಕ್ ಹಾಕಿದ್ದರೆ ವೇಗ ಬೇಗ ಇಳಿದೀತು, ಆದರೂ ಜೀಪಿನ ಮುಂದೆಯೇ ನಿಲ್ಲಬಾರದು. ನಡುವೆ ಖಾಲಿ ಜಾಗ ಬಿಡಲೇಬೇಕು.

ಬಟ್ಟೆಯಲ್ಲೂ ವಿಜ್ಞಾನವಿದೆ. ಜಾಕೆಟ್ಟಿನ ಹೊಳೆಯುವ ಹಳದಿ-ಹಸಿರು ಬಣ್ಣ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಹೊರಬಿಡುತ್ತದೆ. ಅದು ಹಗಲಿಗೆ, ಮುಸ್ಸಂಜೆಗೆ ಒದಗುತ್ತದೆ. ಇರುಳಿಗೆ ಬೇಕಾದದ್ದು ಬೆಳ್ಳಿ ಬಣ್ಣದ ಪಟ್ಟಿ. ಅದರಲ್ಲಿರುವ ಗಾಜಿನ ಸಣ್ಣ ಮಣಿಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಯಲ್ಲೇ ಚಾಲಕನ ಕಡೆಗೆ ಮರಳಿಸುತ್ತವೆ. ಖಾಕಿ ಇವೆರಡನ್ನೂ ಮಾಡುವುದಿಲ್ಲ. ಇನ್ನು ಗಾಡಿಯ ಮೇಲೆ ಮಿನುಗುವ ದೀಪಗಳು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಕಣ್ಣು ಕುಕ್ಕುವ ಬೆಳಕಿನ ಪಕ್ಕದಲ್ಲಿ ನಿಂತ ಮನುಷ್ಯ ಕಾಣುವುದೇ ಇಲ್ಲ. ಹಾಗಾಗಿ ಗಾಡಿ ನಿಲ್ಲಿಸಿದ ಮೇಲೆ ಎದುರಿನವರ ಕಣ್ಣಿಗೆ ಹೊಡೆಯುವ ಬಿಳಿ ದೀಪಗಳನ್ನು ಆರಿಸಲು ಹೇಳಿಕೊಡುತ್ತಾರೆ.

ನಮ್ಮಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಡುವುದು ರೂಢಿ. ಎಚ್ಚರಿಕೆ ಕೊಡಬೇಕೆಂಬ ಅರಿವು ಅದರಲ್ಲಿದೆ, ಅದು ದೊಡ್ಡದು. ಆದರೆ ಕಲ್ಲು ಬೆಳಕನ್ನು ಮರಳಿಸುವುದಿಲ್ಲ, ಲಾರಿ ಹೋದ ಮೇಲೂ ರಸ್ತೆಯಲ್ಲೇ ಉಳಿಯುತ್ತದೆ. ನಮ್ಮ ಹೆದ್ದಾರಿಗಳಲ್ಲಿ 108ರ ಆಂಬುಲೆನ್ಸ್‌ಗಿಂತ ಮೊದಲು ಬರುವವರು ಹಾದಿಹೋಕರು, ಢಾಬಾದವರು, ಲಾರಿ ಚಾಲಕರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅವರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ಹಿಂದಿನಿಂದ ಬರುವ ವಾಹನಗಳಿಂದ ಪಾರಾಗುವುದನ್ನೂ ಅವರಿಗೆ ಕಲಿಸಬೇಕು: ಗಾಯಾಳುವಿನ ಕಡೆ ಎಲ್ಲರೂ ಓಡದೆ, ಒಬ್ಬರಾದರೂ ರಸ್ತೆಯಂಚಿನಲ್ಲೇ, ಬರುವ ಗಾಡಿಗಳಿಗೆ ಮುಖ ಮಾಡಿ ಹಿಂದಕ್ಕೆ ನಡೆದುಹೋಗಿ ಪ್ರತಿಫಲಿಸುವ ಕೆಂಪು ತ್ರಿಕೋನ ಇಟ್ಟು ಬರಬೇಕು, ಇಬ್ಬರು ಬಗ್ಗಿ ಕೆಲಸ ಮಾಡುವಾಗ ಮೂರನೆಯವರು ರಸ್ತೆಯನ್ನೇ ನೋಡುತ್ತಿರಬೇಕು.

ಕೋನ್‌ಗಳನ್ನು ಸಾಲಾಗಿ ಇಟ್ಟರೂ ಕೆಲಸ ಮುಗಿಯದು. ರಸ್ತೆ ಮುಚ್ಚಿ, ನಿಮಿಷಕ್ಕೆ 10 ಗಾಡಿ ಬಂದು ಎರಡು ಲೇನಿನಲ್ಲಿ ನಿಲ್ಲುತ್ತಿದ್ದರೆ, ಒಂದೊಂದಕ್ಕೆ 8 ಮೀಟರ್ ಹಿಡಿದರೂ ಸಾಲು ನಿಮಿಷಕ್ಕೆ 40 ಮೀಟರ್ ಬೆಳೆಯುತ್ತದೆ. ಹತ್ತು ನಿಮಿಷಕ್ಕೆ 400 ಮೀಟರ್. ಎಚ್ಚರಿಕೆಯ ಕೋನ್‌ಗಳು ಆಗ ಆ ಸಾಲಿನೊಳಗೇ ಸೇರಿಹೋಗಿರುತ್ತವೆ. ಅಪಾಯ ಈಗ ಕಟ್ಟಕಡೆಯ ಗಾಡಿಯ ಬೆನ್ನಿಗೆ ಸರಿದಿದೆ. ಹಾಗಾಗಿ ಎರಡನೆಯ ಪೊಲೀಸ್ ವಾಹನ ಬಂದಾಗ ಅದನ್ನು ಅಪಘಾತದ ಜಾಗಕ್ಕೆ ಕರೆಸಿಕೊಳ್ಳದೆ ಸಾಲಿನ ಬಾಲಕ್ಕೆ ಕಳಿಸಬೇಕು. ಸಾಲು ಬೆಳೆದಂತೆ ಅದೂ ರಸ್ತೆಯಂಚಿನಲ್ಲಿ ಹಿಂದೆ ಸರಿಯುತ್ತಾ ಹೋಗಬೇಕು.